ವಸಡಿನ ಎಲ್ಲೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಗಾದೆ. ಎರಡೂ ಇದ್ದವನ ಪಾಡೇನೆಂಬುದನ್ನು ಗಾದೆ ಮಾಡಿದವರು ಹೇಳಲಿಲ್ಲ. ನನ್ನಲ್ಲಿ ಎರಡೂ ಇದ್ದವು; ಸಾಲದುದಕ್ಕೆ ಕಡಲೆಯ ನಡುವೆ ಒಂದು ಕಲ್ಲೂ ಇತ್ತು. ಬಲಗಡೆಯ ದವಡೆಹಲ್ಲೊಂದು ವಸಡಿನ ಮಟ್ಟಕ್ಕೆ ಮುರಿದು ಕೈಗೆ ಬಂತು.

ದಂತವೈದ್ಯರು ನೋಡಿ, “ಬೇರು ಗಟ್ಟಿಯಾಗಿದೆ, ಕೀಳುವ ಕಾರಣವಿಲ್ಲ. ಆದರೆ ಮೇಲೆ ಟೊಪ್ಪಿಗೆ ಕೂರಿಸೋಣವೆಂದರೆ ಹಿಡಿತಕ್ಕೆ ಹಲ್ಲೇ ಉಳಿದಿಲ್ಲ. ಮೊದಲು ವಸಡನ್ನು ಸ್ವಲ್ಪ ಕೆಳಗಿಳಿಸಿ ಹಲ್ಲನ್ನು ಹೊರಗೆ ಕಾಣಿಸಬೇಕು” ಎಂದರು. ವಸಡನ್ನು ಒಂದಿಷ್ಟು ಕತ್ತರಿಸಿದರೆ ಆಯಿತಲ್ಲ ಎಂದು ನಾನೆಂದೆ. ಅವರು ನಕ್ಕು, “ಅಷ್ಟೇ ಮಾಡಿದರೆ ಕತ್ತರಿಸಿದ್ದೆಲ್ಲ ಮತ್ತೆ ಬೆಳೆದುಬರುತ್ತದೆ. ಒಳಗಿನ ಮೂಳೆಯನ್ನೂ ಒಂದೆರಡು ಮಿಲಿಮೀಟರು ಕೆತ್ತಬೇಕು” ಎಂದರು.

ಮೂಳೆ ಕೆತ್ತುವ ಮಾತು ಕೇಳಿ ಎದೆ ಝಲ್ಲೆಂದಿತು, ನಿಜ. ಆದರೆ ಮನೆಗೆ ಬಂದ ಮೇಲೆ ಮನಸ್ಸಿನಲ್ಲಿ ಉಳಿದದ್ದು ಆ ಹೆದರಿಕೆಯಲ್ಲ. ‘ಮತ್ತೆ ಬೆಳೆದುಬರುತ್ತದೆ’ ಎಂಬ ಮಾತು. ಏಕೆ ಬೆಳೆಯಬೇಕು? ಎಷ್ಟು ಬೆಳೆಯಬೇಕೆಂದು ಆ ಮಾಂಸಕ್ಕೆ ಹೇಳಿಕೊಟ್ಟವರು ಯಾರು? ಇದರ ಬೆನ್ನು ಹತ್ತಿ ಹೋದವನಿಗೆ ಒಂದು ದೊಡ್ಡ ಕಥೆಯೇ ದೊರೆಯಿತು. ಹಲ್ಲಿನ ಮೇಲೇರಿದ ವಸಡನ್ನು ಕೊಯ್ದು ಹಿಂದಕ್ಕೆ ಸರಿಸುವ ಕೆಲಸ ಬಹು ಹಳೆಯದು. ಎಷ್ಟು ಕೊಯ್ಯಬೇಕು, ಎಷ್ಟನ್ನು ಬಿಡಬೇಕು ಎಂಬ ತಿಳಿವಳಿಕೆ ಮಾತ್ರ ತೀರ ಇತ್ತೀಚಿನದು. ಈ ಎರಡರ ನಡುವಿನ ಕಾಲದಲ್ಲಿ ಮನುಷ್ಯ ಪಟ್ಟ ಪಾಡನ್ನು ಓದುಗರಲ್ಲಿ ಹೇಳಿಕೊಳ್ಳುವುದೇ ಈ ಬರಹದ ಉದ್ದೇಶ.

ಮೊದಲು ನಮ್ಮ ದೇಶದಿಂದಲೇ ಆರಂಭಿಸಬಹುದು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಬಾಯಿಯ ರೋಗಗಳನ್ನು ೬೫ ಎಂದು ಎಣಿಸಿದ್ದಾರೆ. ಅವುಗಳಲ್ಲಿ ಹಲ್ಲಿಗೆ ಬರುವವು ೮. ಹಲ್ಲಿನ ಬುಡಕ್ಕೆ, ಎಂದರೆ ವಸಡಿಗೆ, ಬರುವವು ೧೫. ಹಲ್ಲಿಗಿಂತ ಹಲ್ಲಿನ ನೆಲವೇ ಹೆಚ್ಚು ತೊಂದರೆಯದು ಎಂಬುದನ್ನು ಆ ಹಿರಿಯರು ಕಂಡುಕೊಂಡಿದ್ದರು. ಆ ಹದಿನೈದರಲ್ಲಿ ‘ಅಧಿಮಾಂಸ’ ಎಂಬುದೊಂದು. ದವಡೆಯ ಕಟ್ಟಕಡೆಯ ಹಲ್ಲಿನ ಬಳಿ ದೊಡ್ಡ ಊತ, ತಡೆಯಲಾರದ ನೋವು, ಸುರಿಯುವ ಜೊಲ್ಲು: ಇವು ಅದರ ಲಕ್ಷಣ. ಬುದ್ಧಿಹಲ್ಲು ಅರ್ಧ ಹೊರಬಂದು ಅರ್ಧ ಮಾಂಸದ ಮುಸುಕಿನಲ್ಲಿ ನಿಂತು ಕಾಡಿದ ಅನುಭವವಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿಕಿತ್ಸೆಯೂ ಸ್ಪಷ್ಟವಾಗಿದೆ. ಹೆಚ್ಚಿದ ಮಾಂಸವನ್ನು ಛೇದಿಸಬೇಕು; ಬಜೆ, ಕ್ಷಾರ ಮುಂತಾದವುಗಳ ಚೂರ್ಣವನ್ನು ಜೇನಿನಲ್ಲಿ ಕಲಸಿ ಗಾಯಕ್ಕೆ ಹಚ್ಚಬೇಕು; ತ್ರಿಫಲೆ, ಬೇವುಗಳ ಕಷಾಯದಿಂದ ಬಾಯಿ ತೊಳೆಯಬೇಕು. ಎಲ್ಲ ವಸಡುರೋಗಕ್ಕೂ ಕತ್ತಿಯನ್ನು ಹೇಳಿಲ್ಲ ಎಂಬುದನ್ನೂ ಗಮನಿಸಬೇಕು. ಕೆಲವಕ್ಕೆ ರಕ್ತ ತೆಗೆಯುವುದು, ಕೆಲವಕ್ಕೆ ಲೇಪ, ಕೆಲವಕ್ಕೆ ಬಾಯಿ ಮುಕ್ಕಳಿಸುವುದು. ಯಾವುದಕ್ಕೆ ಯಾವುದು ಎಂಬ ವಿವೇಕವೇ ಅಲ್ಲಿನ ವಿಶೇಷ.

ಇಂಥದೇ ವಿವೇಕ ಸ್ಪೇನಿನ ಕಾರ್ಡೋಬಾ ನಗರದಲ್ಲಿ, ಕ್ರಿಸ್ತಶಕ ೧೦೦೦ದ ಸುಮಾರಿನಲ್ಲಿ ಬದುಕಿದ್ದ ಅರಬ್ಬೀ ಶಸ್ತ್ರವೈದ್ಯ ಅಲ್ ಜಹ್ರಾವಿಯಲ್ಲಿ ಕಾಣುತ್ತದೆ. ಅವನು ಬರೆದ ಮೂವತ್ತು ಸಂಪುಟಗಳ ವೈದ್ಯಕೋಶದ ಕೊನೆಯ ಭಾಗ ಶಸ್ತ್ರಕ್ರಿಯೆಗೇ ಮೀಸಲು. ವಸಡಿನ ಮೇಲೆ ಬೆಳೆಯುವ ಹೆಚ್ಚಿನ ಮಾಂಸವನ್ನು ಕೊಕ್ಕೆಯಿಂದ ಹಿಡಿದೆತ್ತಿ, ಬುಡಕ್ಕೆ ಕೊಯ್ದು, ರಕ್ತ ಹರಿಯಲು ಬಿಟ್ಟು, ಒಗರಿನ ಪುಡಿಯನ್ನು ತುಂಬಬೇಕೆಂದು ಅವನು ಬರೆಯುತ್ತಾನೆ. ಮತ್ತೆ ಬೆಳೆದರೆ ಮತ್ತೆ ಕೊಯ್ದು ಕಾದ ಕಬ್ಬಿಣದಿಂದ ಸುಡಬೇಕು ಎನ್ನುತ್ತಾನೆ. ಮತ್ತೆ ಬೆಳೆಯುವ ಸಂಗತಿ, ನೋಡಿ, ಅವನಿಗೂ ಗೊತ್ತಿತ್ತು. ಕಾರಣ ಮಾತ್ರ ಗೊತ್ತಿರಲಿಲ್ಲ.

ಸುಶ್ರುತನೂ ಜಹ್ರಾವಿಯೂ ಹೇಳಿದ್ದು ಒಬ್ಬ ರೋಗಿಯ ಬಾಯಿಯ ಒಂದು ಮೂಲೆಯ ಮಾತು. ಒಂದು ಸೈನ್ಯಕ್ಕೆ ಸೈನ್ಯವೇ ವಸಡು ಕೊಯ್ಸಿಕೊಳ್ಳಲು ಸಾಲಾಗಿ ಕೂತ ಕಾಲವೂ ಒಂದಿತ್ತು.

೧೨೫೦ನೆಯ ಇಸವಿ. ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ ಧರ್ಮಯುದ್ಧವೆಂದು ಹೊರಟು, ಈಜಿಪ್ಟಿನ ನೈಲ್ ನದಿಯ ಮುಖಜ ಭೂಮಿಯಲ್ಲಿ, ಮನ್ಸೂರಾ ಎಂಬ ಊರಿನ ಬಳಿ ಸಿಕ್ಕಿಬಿದ್ದಿದ್ದ. ಮುಂದೆ ಹೋಗುವಂತಿಲ್ಲ, ಹಿಂದೆ ಬರಲು ಮನಸ್ಸಿಲ್ಲ. ನದಿಯಲ್ಲಿ ಹೆಣಗಳು ತೇಲುತ್ತಿದ್ದವು. ಕ್ರೈಸ್ತರ ವ್ರತದ ದಿನಗಳಾದ್ದರಿಂದ ಸೈನಿಕರು ಮಾಂಸ ಬಿಟ್ಟು ಆ ನದಿಯ ಮೀನನ್ನೇ ತಿನ್ನುತ್ತಿದ್ದರು. ಆಗ ಪಾಳೆಯದೊಳಕ್ಕೆ ಒಂದು ರೋಗ ಹೊಕ್ಕಿತು. ಕಾಲಿನ ಮಾಂಸ ಒಣಗಿತು, ಚರ್ಮದ ಮೇಲೆ ಕಪ್ಪು ಕಲೆಗಳೆದ್ದವು, ವಸಡು ಕೊಳೆತು ಉಬ್ಬಿತು. ದೊರೆಯ ಜೊತೆಗಿದ್ದ ಜ್ವಾನ್‌ವೀಲ್ ಎಂಬ ಸರದಾರನಿಗೂ ಅದು ತಗಲಿತು. ಅವನು ಬದುಕಿ ಊರಿಗೆ ಮರಳಿ, ಮುಪ್ಪಿನಲ್ಲಿ ದೊರೆಯ ಚರಿತ್ರೆಯನ್ನು ಬರೆಸಿ ೧೩೦೯ರಲ್ಲಿ ಅರಮನೆಗೆ ಒಪ್ಪಿಸಿದ. ಆ ಗ್ರಂಥದಲ್ಲಿ ಈ ದಿನಗಳ ವರ್ಣನೆ ಇದೆ. ವಸಡಿನ ಸತ್ತ ಮಾಂಸ ಹಲ್ಲನ್ನು ಮುಚ್ಚಿಬಿಟ್ಟದ್ದರಿಂದ ಜನರಿಗೆ ಅಗಿಯಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಸೈನ್ಯದ ಕ್ಷೌರಿಕರು ಒಬ್ಬೊಬ್ಬರ ಬಾಯನ್ನೂ ತೆರೆಸಿ ಆ ಮಾಂಸವನ್ನು ಕೊಯ್ದು ತೆಗೆಯಬೇಕಾಯಿತು. ಹೆರಿಗೆಯ ಬೇನೆ ತಿನ್ನುವ ಹೆಂಗಸರ ಹಾಗೆ ಗಂಡಸರು ಕೂಗಿಕೊಳ್ಳುವುದು ಪಾಳೆಯದ ತುಂಬ ಕೇಳುತ್ತಿತ್ತಂತೆ.

ಆ ಕ್ಷೌರಿಕರನ್ನು ಕ್ರೂರಿಗಳೆನ್ನಲು ನನಗೆ ಮನಸ್ಸು ಬರುವುದಿಲ್ಲ. ಹಸಿದವನ ಬಾಯಲ್ಲಿ ಹಲ್ಲು ಹೂತುಹೋಗಿತ್ತು. ಅದನ್ನು ಅಗೆದು ಹೊರತೆಗೆದರೆ ಅವನು ಒಂದು ತುತ್ತು ತಿಂದಾನು ಎಂದು ಅವರು ಕತ್ತಿ ಹಿಡಿದರು. ಆದರೆ ರೋಗ ಇದ್ದದ್ದು ವಸಡಿನಲ್ಲಲ್ಲ, ತುತ್ತಿನಲ್ಲಿ. ಹೆಣ ತಿಂದ ಮೀನನ್ನು ತಾವು ತಿಂದದ್ದೇ ಕಾರಣವೆಂದು ಜ್ವಾನ್‌ವೀಲ್ ನಂಬಿದ್ದ. ತಿಂದದ್ದರಿಂದ ಬಂದದ್ದಲ್ಲ, ತಿನ್ನದೆ ಹೋದದ್ದರಿಂದ ಬಂದದ್ದು ಎಂಬುದು ತಿಳಿಯಲು ಇನ್ನೂ ಐನೂರು ವರ್ಷ ಹಿಡಿಯಿತು.

ಅದೇ ರೋಗ ಮುಂದೆ ನಮ್ಮ ಕಡಲಿನ ಮೇಲೂ ತನ್ನ ಮುಖ ತೋರಿಸಿತು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದನ್ನು ಶಾಲೆಯ ಮಕ್ಕಳೆಲ್ಲ ಓದಿರುತ್ತಾರೆ. ಅವನು ಹೇಗೆ ಮರಳಿದನೆಂಬುದು ಪಾಠದಲ್ಲಿರುವುದಿಲ್ಲ. ೧೪೯೮ರ ಸೆಪ್ಟೆಂಬರಿನಲ್ಲಿ ಅವನ ಹಡಗುಗಳು ನಮ್ಮ ಕಾರವಾರದ ಸಮೀಪದ ಅಂಜದೀವ ದ್ವೀಪದ ಬಳಿ ಲಂಗರು ಹಾಕಿ ದುರಸ್ತಿ ಮಾಡಿಕೊಂಡವು. ಅಕ್ಟೋಬರ್ ೫ರಂದು ಅಲ್ಲಿಂದ ಆಫ್ರಿಕದ ಕಡೆಗೆ ಹೊರಟವು. ಬರುವಾಗ ಬೆನ್ನ ಹಿಂದೆ ಮುಂಗಾರಿನ ಗಾಳಿಯಿದ್ದು, ನಾಲ್ಕು ವಾರದೊಳಗೆ ದಾಟಿದ ಕಡಲು ಅದು. ಹೋಗುವಾಗ ಗಾಳಿ ಒಮ್ಮೆ ಎದುರಾಯಿತು, ಒಮ್ಮೆ ಸತ್ತುಹೋಯಿತು. ಮೂರು ತಿಂಗಳಿಗೆ ಮೂರೇ ದಿನ ಕಡಿಮೆ ಅವರು ನೀರಿನ ಮೇಲೆಯೇ ಇದ್ದರು. ವಸಡು ಬೆಳೆದು ಹಲ್ಲುಗಳನ್ನು ಮುಚ್ಚಿ, ಜನ ಉಣ್ಣಲಾರದೆ ಹೋದರೆಂದು ಆ ಯಾನದ ದಿನಚರಿಯನ್ನು ಬರೆದವನು ದಾಖಲಿಸಿದ್ದಾನೆ. ಮೂವತ್ತು ಮಂದಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಲು ಶಕ್ತರಾಗಿ ಉಳಿದವರು ಏಳೆಂಟು ಜನ. ೧೪೯೯ರ ಜನವರಿಯಲ್ಲಿ ಮಾಲಿಂದಿ ಬಂದರನ್ನು ಸೇರಿದಾಗ ರೋಗಿಗಳು ಹಂಬಲಿಸಿ ಕೇಳಿದ್ದು ಕಿತ್ತಳೆ ಹಣ್ಣನ್ನು! ಯಾವ ವೈದ್ಯನೂ ಹೇಳದಿದ್ದುದನ್ನು ನಾಲಿಗೆ ಹೇಳಿತ್ತು. ನಿಂಬೆಯೂ ನೆಲ್ಲಿಯೂ ಹಿತ್ತಿಲಲ್ಲಿ ಬೆಳೆಯುವ ಕರಾವಳಿಯಿಂದ ಹೊರಟ ಹಡಗುಗಳಲ್ಲಿ ಜನ ಹೀಗೆ ಸತ್ತದ್ದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾಲಿಗೆಯ ಈ ಮಾತನ್ನು ಪ್ರಯೋಗಕ್ಕೆ ಒಡ್ಡಿದವನು ಜೇಮ್ಸ್ ಲಿಂಡ್ ಎಂಬ ಸ್ಕಾಟ್ಲೆಂಡಿನ ವೈದ್ಯ. ೧೭೪೭ರ ಮೇ ತಿಂಗಳಲ್ಲಿ ಸ್ಯಾಲಿಸ್ಬರಿ ಎಂಬ ಯುದ್ಧನೌಕೆಯಲ್ಲಿ ಇದೇ ರೋಗದ ಹನ್ನೆರಡು ಮಂದಿಯನ್ನು ಆರಿಸಿ, ಎಲ್ಲರಿಗೂ ಒಂದೇ ಊಟ ಕೊಟ್ಟು, ಇಬ್ಬಿಬ್ಬರಿಗೆ ಒಂದೊಂದು ಔಷಧ ಗೊತ್ತುಮಾಡಿದ. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಇಬ್ಬರು ಆರೇ ದಿನದಲ್ಲಿ ಚೇತರಿಸಿಕೊಂಡರು. ೧೭೫೩ರಲ್ಲಿ ಅವನು ಇದನ್ನು ಗ್ರಂಥವಾಗಿ ಪ್ರಕಟಿಸಿದ. ಇಂಗ್ಲೆಂಡಿನ ನೌಕಾಪಡೆ ನಾವಿಕರಿಗೆ ನಿಂಬೆರಸ ಕೊಡಲು ಅಪ್ಪಣೆ ಮಾಡಿದ್ದು ೧೭೯೫ರಲ್ಲಿ, ಲಿಂಡ್ ತೀರಿಕೊಂಡ ಮರುವರ್ಷ. ಸರಕಾರದ ಕಡತ ಅಂದೂ ನಿಧಾನವಾಗಿಯೇ ನಡೆಯುತ್ತಿತ್ತು!

ನಿಂಬೆಯಲ್ಲಿರುವ ಆ ವಸ್ತು ಸಿ ಜೀವಸತ್ವವೆಂದು ಇಂದು ನಮಗೆ ಗೊತ್ತು. ನಮ್ಮ ದೇಹದ ಮಾಂಸ, ಚರ್ಮ, ಮೂಳೆಗಳನ್ನು ಹುರಿಹಗ್ಗದಂತೆ ಕಟ್ಟಿಹಿಡಿಯುವ ಕೊಲಾಜನ್ ಎಂಬ ನಾರನ್ನು ದೇಹ ನೇಯಬೇಕಾದರೆ ಈ ಸತ್ವ ಬೇಕು. ಅದಿಲ್ಲವಾದರೆ ಹಗ್ಗ ಸಡಿಲುತ್ತದೆ, ಸಣ್ಣ ರಕ್ತನಾಳಗಳು ಒಸರುತ್ತವೆ, ಹಲ್ಲಿನ ಸುತ್ತ ಕೂತ ಕೊಳೆಗೆ ವಸಡು ಉಬ್ಬಿ ಏಳುತ್ತದೆ. ಹಲ್ಲೇ ಇಲ್ಲದ ಮುದುಕರಲ್ಲಿ ಈ ರೋಗ ಬಂದರೂ ವಸಡು ಹೀಗೆ ಉಬ್ಬುವುದಿಲ್ಲ. ನಾರಿನ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕಥೆಯ ಕೊನೆಯಲ್ಲಿ ಇದು ಮತ್ತೆ ಬರಲಿದೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ೧೮೮೪ರಲ್ಲಿ ಆಸ್ಟ್ರಿಯದ ದಂತವೈದ್ಯ ರೋಬಿಚೆಕ್ ಎಂಬಾತ ರೋಗ ಹಿಡಿದ ವಸಡನ್ನು ಸಾಲಾಗಿ ಕೊಯ್ದು, ಅಡಿಯ ಮೂಳೆಯನ್ನು ಹೆರೆದು ಶುದ್ಧಿ ಮಾಡುವ ವಿಧಾನವನ್ನು ವಿವರಿಸಿದ. ಅದೇ ವರ್ಷ, ಅದೇ ದೇಶದ ರಾಜಧಾನಿ ವಿಯೆನ್ನಾದಲ್ಲಿ ಕಾರ್ಲ್ ಕೊಲ್ಲರ್ ಎಂಬ ತರುಣ ವೈದ್ಯ ಕೊಕೇನ್ ದ್ರಾವಣದ ಹನಿಯಿಂದ ಕಣ್ಣನ್ನು ಮರಗಟ್ಟಿಸಿ ಶಸ್ತ್ರಕ್ರಿಯೆ ಮಾಡಬಹುದೆಂದು ತೋರಿಸಿದ. ಕಣ್ಣಿಗೆ ಆದದ್ದು ಬೇಗನೆ ಬಾಯಿಗೂ ಬಂತು. ಮನ್ಸೂರಾದ ಕೂಗು ಅಡಗುವ ಕಾಲ ಕೊನೆಗೂ ಕೂಡಿಬಂದಿತ್ತು.

ಆದರೆ ನೋವು ಹೋದೊಡನೆ ಅಜ್ಞಾನ ಹೋಗುವುದಿಲ್ಲ. ವಸಡಿನ ಅಡಿಯ ಮೂಳೆಯಂಚು ಸತ್ತಿದೆ, ಕೊಳೆತಿದೆ ಎಂಬ ನಂಬಿಕೆಯಿಂದ ವೈದ್ಯರು ಬಹುಕಾಲ ಅದನ್ನು ಹೆರೆಯುತ್ತಲೇ ಇದ್ದರು. ಅದು ಸತ್ತಿಲ್ಲ, ಬದುಕಿಯೇ ಇದೆ ಎಂದು ರುಡಾಲ್ಫ್ ಕ್ರಾನ್‌ಫೆಲ್ಡ್ ಸೂಕ್ಷ್ಮದರ್ಶಕದಲ್ಲಿ ಕಂಡು ಹೇಳಿದ್ದು ೧೯೩೫ರಲ್ಲಿ. ಇದರ ನಡುವೆ ಸ್ವೀಡನಿನ ಲಿಯೊನಾರ್ಡ್ ವಿಡ್ಮನ್ ೧೯೧೮ರಲ್ಲಿ ಬೇರೊಂದು ದಾರಿ ತೋರಿಸಿದ್ದ. ವಸಡನ್ನು ಕೊಯ್ದು ಎಸೆಯುವುದೇಕೆ, ಪುಸ್ತಕದ ಹಾಳೆಯಂತೆ ಬಿಡಿಸಿ, ಒಳಗಿನ ಕೆಲಸ ಮುಗಿಸಿ, ಮತ್ತೆ ಮುಚ್ಚಿ ಹೊಲಿಯಬಹುದಲ್ಲ ಎಂದು.

ಹಾಗಿದ್ದರೂ ಮೂಲ ಪ್ರಶ್ನೆ ಉಳಿದೇ ಇತ್ತು. ಕೊಯ್ದ ವಸಡು ಕೆಲವರಲ್ಲಿ ಕೊಯ್ದಲ್ಲೇ ನಿಲ್ಲುತ್ತಿತ್ತು, ಕೆಲವರಲ್ಲಿ ಮತ್ತೆ ಏರುತ್ತಿತ್ತು. ಮೂರ್ಛೆರೋಗಕ್ಕೆಂದು ೧೯೩೮ರಲ್ಲಿ ಬಳಕೆಗೆ ಬಂದ ಫೆನಿಟೊಯಿನ್ ಮಾತ್ರೆಯನ್ನು ತಿಂದವರಲ್ಲಿ ಹಲವರಿಗೆ ವಸಡು ಬೆಳೆದು ಹಲ್ಲನ್ನು ಮುಚ್ಚುವುದು ಮರುವರ್ಷವೇ ಗಮನಕ್ಕೆ ಬಂತು. ಅದನ್ನು ಕೊಯ್ದರೂ, ಮಾತ್ರೆ ನಿಲ್ಲದಿದ್ದರೆ ಮತ್ತೆ ಬೆಳೆಯುವುದುಂಟು. ಅಲ್ಲಿಯಾದರೆ ಕಾರಣ ಕಣ್ಣೆದುರಿಗಿದೆ. ಯಾವ ರೋಗವೂ ಇಲ್ಲದ, ಯಾವ ಔಷಧವನ್ನೂ ತಿನ್ನದ ಆರೋಗ್ಯವಂತನ ವಸಡೂ ಮರಳಿ ಏರುವುದೇಕೆ?

ಉತ್ತರದ ಮೊದಲ ಎಳೆ ಸಿಕ್ಕಿದ್ದು ವಿಯೆನ್ನಾದಲ್ಲಿ. ಬರ್ನ್‌ಹಾರ್ಡ್ ಗಾಟ್‌ಲೀಬ್ ಎಂಬ ಸಂಶೋಧಕ ೧೯೨೧ರಲ್ಲಿ ಒಂದು ಮಾತು ಹೇಳಿದ. ವಸಡು ಹಲ್ಲಿಗೆ ಸುಮ್ಮನೆ ತಾಗಿಕೊಂಡಿರುವುದಿಲ್ಲ, ಹೊರಪದರದ ಒಂದು ಜೀವಂತ ಪಟ್ಟಿಯಿಂದ ಅದಕ್ಕೆ ಅಂಟಿಕೊಂಡಿರುತ್ತದೆ ಎಂದು. ಹಿಟ್ಲರನ ಪಡೆ ೧೯೩೮ರಲ್ಲಿ ಆಸ್ಟ್ರಿಯವನ್ನು ನುಂಗಿದಾಗ ಯೆಹೂದಿಯಾದ ಗಾಟ್‌ಲೀಬ್ ಊರು ಬಿಟ್ಟು ಓಡಬೇಕಾಯಿತು. ಅವನು ಕೊನೆಗೆ ನೆಲೆ ಕಂಡದ್ದು ಅಮೆರಿಕದಲ್ಲಿ. ಅವನ ಗರಡಿಯಲ್ಲಿ ಪಳಗಿದ ಹಂಗೆರಿಯ ಬಾಲಿಂಟ್ ಓರ್ಬನ್ ಕೂಡ ಅಮೆರಿಕದ ಶಿಕಾಗೋ ನಗರವನ್ನು ಸೇರಿದ್ದ. ವಿಯೆನ್ನಾದಲ್ಲಿ ಹುಟ್ಟಿದ ವಿಚಾರ ಹೀಗೆ ಸಾಗರ ದಾಟಿತು.

ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಗಾರ್ಜುಲೊ, ವೆಂಟ್ಸ್, ಓರ್ಬನ್ ಎಂಬ ಮೂವರು ಒಂದು ಅಳತೆಯ ಕೆಲಸ ಕೈಗೊಂಡರು. ಸತ್ತವರ ದೇಹಗಳಿಂದ ಪಡೆದ ೩೦ ದವಡೆಗಳು, ಅವುಗಳಲ್ಲಿ ೨೮೭ ಹಲ್ಲುಗಳು. ಒಂದೊಂದನ್ನೂ ತೆಳ್ಳಗೆ ಸೀಳಿ, ವಸಡಿಗೂ ಹಲ್ಲಿಗೂ ಇರುವ ಬೆಸುಗೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಅಳೆದರು. ಫಲಿತಾಂಶ ೧೯೬೧ರಲ್ಲಿ ಪ್ರಕಟವಾಯಿತು. ವಸಡಿನ ಅಂಚಿನಿಂದ ಒಳಕ್ಕೆ, ಹಲ್ಲಿಗೆ ಅಂಟದ ಸಣ್ಣ ಸಂದು ಸರಾಸರಿ ೦.೬೯ ಮಿಲಿಮೀಟರು. ಅದರ ಕೆಳಗೆ ಗಾಟ್‌ಲೀಬ್ ಕಂಡ ಹೊರಪದರದ ಪಟ್ಟಿ ೦.೯೭. ಅದರ ಕೆಳಗೆ, ಮೂಳೆಯ ಅಂಚಿನವರೆಗೆ, ಹಲ್ಲಿನೊಳಕ್ಕೆ ನೆಟ್ಟ ನಾರುಗಳ ಪಟ್ಟಿ ೧.೦೭. ಮೊದಲ ಎರಡು ಅಳತೆಗಳು ಹಲ್ಲಿನಿಂದ ಹಲ್ಲಿಗೆ ಬಹಳ ಬದಲಾಗುತ್ತಿದ್ದವು. ನಾರಿನ ಪಟ್ಟಿ ಮಾತ್ರ ಹೆಚ್ಚು ಕದಲಲಿಲ್ಲ.

ಅಂಟಿಕೊಂಡ ಎರಡು ಪಟ್ಟಿಗಳನ್ನು ಕೂಡಿಸಿದರೆ ೨.೦೪ ಮಿಲಿಮೀಟರು. ಒಂದು ಅಕ್ಕಿಕಾಳಿನ ದಪ್ಪ ಎನ್ನೋಣ. ೧೯೬೨ರಲ್ಲಿ ವಾಲ್ಟರ್ ಕೋಹೆನ್ ಎಂಬ ವೈದ್ಯ ವಾಷಿಂಗ್ಟನ್ನಿನ ಒಂದು ಉಪನ್ಯಾಸದಲ್ಲಿ ಇದಕ್ಕೆ ‘ಜೈವಿಕ ಅಗಲ’ ಎಂಬ ಅರ್ಥದ ಹೆಸರಿಟ್ಟ. ೨೦೧೭ರಲ್ಲಿ ನಾನಾ ದೇಶಗಳ ತಜ್ಞರು ಕೂಡಿ, ಮೂಳೆಯಂಚಿನ ಮೇಲಣ ಅಂಗಾಂಶದ ಬಂಧ ಎಂಬ ಹೆಚ್ಚು ನಿಖರವಾದ ಹೆಸರನ್ನು ಒಪ್ಪಿದರು. ಹೆಸರು ಬದಲಾದರೂ ಸಂಗತಿ ಅದೇ. ಬಾಯಿಯಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳಿವೆ, ಒಳಗೆ ಮೂಳೆಯಿದೆ. ಚರ್ಮವನ್ನು ಸೀಳಿ ಹೊರಕ್ಕೆ ಚಾಚಿದ ಹಲ್ಲಿನ ಸುತ್ತ ಊರಿಗೆ ಕಾವಲಾಗಿರುವ ಕೋಟೆಗೋಡೆ ಈ ಎರಡು ಮಿಲಿಮೀಟರು. ದೇಹ ಇದನ್ನು ಬಿಟ್ಟುಕೊಡುವುದಿಲ್ಲ. ಮೇಲಿನಿಂದ ವಸಡನ್ನು ಕೊಯ್ದರೆ, ಮೂಳೆ ಇದ್ದಲ್ಲೇ ಇರುವುದರಿಂದ, ಗೋಡೆ ಮತ್ತೆ ಅಷ್ಟೇ ಎತ್ತರಕ್ಕೆ ಎದ್ದು ನಿಲ್ಲುತ್ತದೆ. ಗೋಡೆಯೊಳಕ್ಕೇ ಲೋಹದ ಟೊಪ್ಪಿಗೆಯ ಅಂಚನ್ನು ತೂರಿಸಿದರೆ ವಸಡು ಕೆಂಪಾಗಿ ಊದಿ ರಕ್ತ ಒಸರುತ್ತದೆ. ಇಲ್ಲವೇ ಮೂಳೆಯೇ ಕರಗಿ ಹಿಂದಕ್ಕೆ ಸರಿದು, ಹೊಸ ಜಾಗದಲ್ಲಿ ಅದೇ ಅಳತೆಯ ಗೋಡೆ ಕಟ್ಟಿಕೊಳ್ಳುತ್ತದೆ.

ನನ್ನ ವೈದ್ಯರ ಮಾತಿನ ಅರ್ಥ ಆಗ ನನಗಾಯಿತು. ವಸಡು ಮೂಳೆಯ ನೆರಳು. ನೆರಳು ಕೆಳಗಿಳಿಯಬೇಕಾದರೆ ವಸ್ತು ಕೆಳಗಿಳಿಯಬೇಕು. ಆದುದರಿಂದಲೇ ವಸಡನ್ನು ಹಾಳೆಯಂತೆ ಬಿಡಿಸುತ್ತಾರೆ. ಟೊಪ್ಪಿಗೆಯ ಅಂಚು ಬರುವ ಜಾಗಕ್ಕೂ ಮೂಳೆಗೂ ನಡುವೆ ಸುಮಾರು ಮೂರು ಮಿಲಿಮೀಟರು ಬಿಡುವು ದೊರೆಯುವಂತೆ ಮೂಳೆಯನ್ನು ಕೆತ್ತುತ್ತಾರೆ. ಆಮೇಲೆ ವಸಡನ್ನು ಹೊಸ ಮಟ್ಟದಲ್ಲಿ ಕೂರಿಸಿ ಹೊಲಿಯುತ್ತಾರೆ. ಹೀಗೆ ಕೆಳಗೆ ಕೂರಿಸುವ ಕ್ರಮಕ್ಕೆ ೧೯೬೨ರಲ್ಲಿ ನೇಥನ್ ಫ್ರೀಡ್‌ಮನ್ ಒಂದು ಹೆಸರನ್ನೂ ರೂಪವನ್ನೂ ಕೊಟ್ಟ. ಗಾಯ ಮಾಯಲು ಹಲವು ವಾರ ಬೇಕು. ನಗುವಾಗ ಕಾಣುವ ಮುಂಬಲ್ಲಾದರೆ ವಸಡಿನ ಅಂಚು ನಿಶ್ಚಯವಾಗಿ ನೆಲೆಗೊಳ್ಳುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ.

ಈಗ ಈ ಶಸ್ತ್ರಕ್ರಿಯೆಗೆ ಇನ್ನೊಂದು ಬಗೆಯ ಗಿರಾಕಿಗಳೂ ಇದ್ದಾರೆ. ಹರೆಯದಲ್ಲಿ ಹಿಂದಕ್ಕೆ ಸರಿಯಬೇಕಾದ ವಸಡು ಕೆಲವರಲ್ಲಿ ಸರಿಯದೆ ಉಳಿಯುತ್ತದೆ. ಹಲ್ಲು ಉದ್ದವಾಗಿಯೇ ಇದ್ದರೂ ಗಿಡ್ಡಾಗಿ ಕಾಣುತ್ತದೆ. ನಕ್ಕರೆ ವಸಡೇ ಮುಂದೆ ಬರುತ್ತದೆ. ಅಂಥವರು ಕೈಯಿಂದ ಬಾಯಿ ಮುಚ್ಚಿ ನಗುವುದನ್ನು ನಾವೆಲ್ಲ ನೋಡಿದ್ದೇವೆ. ಕೈ ಅಡ್ಡವಿಲ್ಲದೆ ನಗಬೇಕೆಂಬ ಆಸೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಅಲ್ಲಿಯೂ ಮೊದಲು ಮೂಳೆ ಎಲ್ಲಿದೆಯೆಂದು ನೋಡಬೇಕು. ಕತ್ತಿಯ ಬದಲು ಲೇಸರ್ ಕಿರಣ ಬಂದಿದೆಯೆಂದು ನಿಯಮವೇನೂ ಬದಲಾಗಿಲ್ಲ. ಕೆಲವರ ವಸಡು ಮುಂದೆ ಬರುವುದು ಮೇಲ್ದವಡೆಯೇ ಉದ್ದವಾಗಿರುವುದರಿಂದ, ಇಲ್ಲವೇ ತುಟಿ ಗಿಡ್ಡಾಗಿರುವುದರಿಂದ. ಅವರ ವಸಡನ್ನು ಕೊಯ್ಯುವುದು ಕಿಟಕಿ ಚಿಕ್ಕದೆಂದು ಪರದೆಯನ್ನು ಹರಿದ ಹಾಗೆ. ಬೇರು ಗಿಡ್ಡಾಗಿದ್ದರೆ ಮೂಳೆ ಕೆತ್ತಿದಷ್ಟೂ ಹಲ್ಲಿನ ಬುಡ ಸಡಿಲ. ಅಂಥ ಕಡೆ ತಂತಿ ಕಟ್ಟಿ ಹಲ್ಲನ್ನೇ ನಿಧಾನವಾಗಿ ಮೇಲಕ್ಕೆಳೆಯುವ ಉಪಾಯ ಉಂಟು. ಒಮ್ಮೊಮ್ಮೆ ಕೀಳುವುದೇ ಲೇಸು. ಮನ್ಸೂರಾದ ಕ್ಷೌರಿಕನಿಗೆ ಇವಾವುದರ ತಿಳಿವಳಿಕೆಯೂ ಇರಲಿಲ್ಲ, ಅವನನ್ನು ಕ್ಷಮಿಸಬಹುದು. ತಿಳಿದೂ ಆತುರಪಡುವ ಇಂದಿನವನಿಗೆ ಆ ಕ್ಷಮೆ ಸಲ್ಲುವುದಿಲ್ಲ.

ನನ್ನ ಶಸ್ತ್ರಕ್ರಿಯೆ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಸೂಜಿ ಚುಚ್ಚಿದ್ದೊಂದೇ ನೋವು. ತುಟಿ ಮರಗಟ್ಟಿ ಕುರ್ಚಿಯಲ್ಲಿ ಒರಗಿದ್ದಾಗ ಆ ಪಾಳೆಯದ ಕೂಗೂ ಅಂಜದೀವದಿಂದ ಹೊರಟ ಹಡಗುಗಳೂ ನೆನಪಾದವು. ಆ ನಾವಿಕರ ಬಾಯಲ್ಲಿ ಕಡಿದು ಬಿದ್ದದ್ದು ಯಾವುದು? ಲೊಯೋಲಾದ ಮೂವರು ಅಳೆದ ಆ ೧.೦೭ ಮಿಲಿಮೀಟರಿನ ನಾರಿನ ಪಟ್ಟಿಯೂ ಕೊಲಾಜನ್ನಿನದೇ. ನಾವಿಕನ ದೇಹ ನೇಯಲಾರದೆ ಹೋದದ್ದು, ಇಂದಿನ ವೈದ್ಯ ಅಳೆದು ಉಳಿಸಿಕೊಡುವುದು, ಎರಡೂ ಒಂದೇ ಹಗ್ಗ. ಒಂದು ಕಾಲದಲ್ಲಿ ಅದು ಇದೆಯೆಂದೇ ತಿಳಿಯದೆ ಜನ ಸತ್ತರು. ಇಂದು ಅದಕ್ಕಾಗಿ ಮೂಳೆಯನ್ನೇ ಜರುಗಿಸಿ ಜಾಗ ಮಾಡಿಕೊಡುತ್ತಾರೆ.

ಹೊಲಿಗೆ ಬಿಚ್ಚುವ ದಿನ ವೈದ್ಯರು ಕನ್ನಡಿ ಹಿಡಿದು ತೋರಿಸಿದರು. ಹೂತುಹೋಗಿದ್ದ ಹಲ್ಲಿನ ಗೋಡೆ ಬೆಳ್ಳಗೆ ಹೊರಗೆ ಕಾಣುತ್ತಿತ್ತು. “ಇನ್ನು ಕಡಲೆ ತಿನ್ನಬಹುದೆ?” ಎಂದು ಕೇಳಿದೆ. “ಟೊಪ್ಪಿಗೆ ಹಾಕಿಸಿಕೊಂಡ ಮೇಲೆ. ಅದೂ ಕಲ್ಲು ಆರಿಸಿ” ಎಂದರು. ಮನೆಗೆ ಬಂದು, ಅವರು ಹೇಳದಿದ್ದರೂ, ಒಂದು ಲೋಟ ನಿಂಬೆ ಪಾನಕ ಮಾಡಿಸಿ ಕುಡಿದೆ.